ಬಾಲ್ಟಿಕ್ ನಾಡಿನ ಮಳೆ ಮತ್ತು ಉಣುಗು

ಪ್ರಶ್ನೆ: ಜುಲೈ ತಿಂಗಳಿನಲ್ಲಿ ಬೆನ್ನುಚೀಲ ಹೊತ್ತು ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾಗಳನ್ನು ಸುತ್ತುವ ಆಸೆಯಿದೆ. ಅಲ್ಲಿ ಬೇಸಿಗೆಯಲ್ಲೇ ಮಳೆಯಂತೆ. ಯಾವ ಎಚ್ಚರ ವಹಿಸಬೇಕು?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಆಗುಂಬೆಯ ಮಳೆಯನ್ನು ಕಂಡ ನಿಮಗೆ ಅಲ್ಲಿನ ಮಳೆ ದೊಡ್ಡದೆನಿಸದು, ಆದರೆ ಹಗಲಿನ ಉಷ್ಣತೆ 20 ಡಿಗ್ರಿಯ ಆಸುಪಾಸಿನಲ್ಲಿರುವುದರಿಂದ ಒದ್ದೆ ಬಟ್ಟೆ ಬೇಗನೆ ಚಳಿ ಹಿಡಿಸುತ್ತದೆ. ಹತ್ತಿಯ ಬದಲು ಉಣ್ಣೆಯ ಬಟ್ಟೆ ಒಯ್ಯಿರಿ.

ನನ್ನ ಕಳವಳವಿರುವುದು ಮಳೆಯ ಬಗ್ಗೆ ಅಲ್ಲ, ಹುಲ್ಲಿನಲ್ಲಿರುವ ಉಣುಗಿನ ಬಗ್ಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದ ನಮ್ಮ ಮಂಗನ ಕಾಯಿಲೆಯ ವೈರಸ್ಸಿನ ಹತ್ತಿರದ ಸಂಬಂಧಿಯೊಂದು ಅಲ್ಲಿಯೂ ಉಣುಗಿನ ಮೂಲಕವೇ ಹರಡಿ ಮಿದುಳಿನ ಉರಿಯೂತವನ್ನು ತರುತ್ತದೆ. ಅದಕ್ಕೆ ಲಸಿಕೆಯಿದೆ, ಕಂತುಗಳ ನಡುವೆ ಅಂತರ ಬೇಕಾದ್ದರಿಂದ ಕೆಲವು ತಿಂಗಳು ಮೊದಲೇ ವೈದ್ಯರನ್ನು ಕಾಣಿರಿ. ಕಾಡಿನಲ್ಲಿ ನಡೆದ ದಿನಗಳಲ್ಲಿ ಸಂಜೆ ಮೈಯನ್ನು, ವಿಶೇಷವಾಗಿ ಮಂಡಿಯ ಹಿಂಬದಿಯನ್ನು, ತಪ್ಪದೆ ಪರೀಕ್ಷಿಸಿಕೊಳ್ಳಿ.

ಎಸ್ಟೋನಿಯಾದ ಲಹೆಮಾ ರಾಷ್ಟ್ರೀಯ ಉದ್ಯಾನದಲ್ಲಿರುವ ವಿರು ಜೌಗಿನ ಮೇಲೆ ಹಲಗೆಯ ಕಾಲುದಾರಿಯಿದ್ದು, ಮಳೆಯಲ್ಲೂ ಕೆಸರು ತುಳಿಯದೆ ನಡೆಯಬಹುದು. ಮಳೆ ಬಿಡದಿದ್ದರೆ ಟಾಲಿನ್, ರೀಗಾ, ವಿಲ್ನಿಯಸ್‌ಗಳ ಹಳೆಯ ಪೇಟೆಗಳಿಗೆ ಹೋಗಿ. ಮೂರೂ ಯುನೆಸ್ಕೊ ಪಟ್ಟಿಯಲ್ಲಿವೆ. ಒಂದೇ ಷೆಂಗೆನ್ ವೀಸಾ ಮತ್ತು ಯೂರೊ ನಾಣ್ಯ ಮೂರು ದೇಶಗಳಲ್ಲಿಯೂ ನಡೆಯುತ್ತವೆ.