ಓದುಗರ ಪ್ರಶ್ನೆ: ಕಮ್ಯುನಿಟಿ ಮೆಡಿಸಿನ್ ಓದುವುದು ಹೇಗೆ, ಓದಿ ಏನಾಗುವುದು?

ಪ್ರಶ್ನೆ: ಪಿಎಸ್‌ಎಂ (ಕಮ್ಯುನಿಟಿ ಮೆಡಿಸಿನ್‌ನ ಇನ್ನೊಂದು ಹೆಸರು) ಎಷ್ಟು ಓದಿದರೂ ತಲೆಯಲ್ಲಿ ನಿಲ್ಲುವುದಿಲ್ಲ. ವ್ಯಾಖ್ಯೆ, ಇಸವಿ, ಯೋಜನೆಗಳ ಹೆಸರು, ಎಲ್ಲವೂ ಪಟ್ಟಿ. ನಮ್ಮ ಬ್ಯಾಚಿನಲ್ಲಿ ಹೆಚ್ಚಿನವರು ಪರೀಕ್ಷೆ ಹತ್ತಿರ ಬಂದಾಗಲೇ ಪುಸ್ತಕ ತೆರೆಯುವುದು. ಬೇರೆ ದಾರಿ ಇದೆಯೇ?
– ಎಂಬಿಬಿಎಸ್ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಪಟ್ಟಿಗಳನ್ನು ಸದ್ಯಕ್ಕೆ ಬದಿಗಿಡಿ, ಲೆಕ್ಕದಿಂದ ಶುರುಮಾಡಿ. ಒಂದು ತಪಾಸಣೆ ರೋಗ ಇರುವ 100 ಜನರಲ್ಲಿ 90 ಮಂದಿಯನ್ನು ಹಿಡಿಯುತ್ತದೆ, ರೋಗ ಇಲ್ಲದ 100ರಲ್ಲಿ 90 ಮಂದಿಗೆ ಇಲ್ಲವೆಂದೇ ಹೇಳುತ್ತದೆ ಎಂದಿಟ್ಟುಕೊಳ್ಳಿ. 1000 ಜನರಲ್ಲಿ 100 ಮಂದಿಗೆ ರೋಗವಿರುವ ಊರಿನಲ್ಲಿ 180 ಜನ ಪಾಸಿಟಿವ್ ಬರುತ್ತಾರೆ, ಅವರಲ್ಲಿ 90 ಮಂದಿ ನಿಜವಾದ ರೋಗಿಗಳು. 10 ಮಂದಿಗಷ್ಟೇ ರೋಗವಿರುವ ಊರಿನಲ್ಲಿ ಅದೇ ತಪಾಸಣೆಗೆ 108 ಜನ ಪಾಸಿಟಿವ್, ನಿಜವಾದ ರೋಗಿಗಳು 9 ಮಾತ್ರ. ಕಿಟ್ ಬದಲಾಗಲಿಲ್ಲ, ಊರು ಬದಲಾಯಿತು. ರೋಗ ಇದೆ-ಇಲ್ಲ, ಪಾಸಿಟಿವ್-ನೆಗೆಟಿವ್ ಎಂಬ ಈ ನಾಲ್ಕು ಮನೆಯ ಕೋಷ್ಟಕವನ್ನು ಒಮ್ಮೆ ಕೈಯಾರೆ ಬರೆದು ತುಂಬಿದರೆ ಸೂತ್ರ ಬಾಯಿಪಾಠ ಮಾಡುವ ಪ್ರಮೇಯವೇ ಇರುವುದಿಲ್ಲ. ಮುಂದೆ ವಾರ್ಡಿನಲ್ಲಿ ಪ್ರತಿ ರಿಪೋರ್ಟನ್ನೂ ಇದೇ ಕಣ್ಣಿನಿಂದ ನೋಡುತ್ತೀರಿ.

ಸ್ಪಾಟರ್‌ಗಳನ್ನೂ (ಪ್ರಾಯೋಗಿಕ ಪರೀಕ್ಷೆಯಲ್ಲಿ ಗುರುತಿಸಲು ಮೇಜಿನ ಮೇಲಿಡುವ ವಸ್ತುಗಳು) ಹೀಗೆಯೇ ಕಲಿಯಿರಿ. ಹಾರಕ್ಸ್ ಉಪಕರಣ ಮೇಜಿನ ಮೇಲಿದ್ದರೆ ಹೆಸರು ಹೇಳಿ ಸುಮ್ಮನಾಗುವವರೇ ಹೆಚ್ಚು. ಬಾವಿಯ ನೀರಿಗೆ ಎಷ್ಟು ಬ್ಲೀಚಿಂಗ್ ಪೌಡರ್ ಬೇಕೆಂದು ತಿಳಿಯುವ ಸಾಧನ ಅದು, ಬಳಸಿಯೇ ನೋಡಬೇಕು. ಕಪ್ಪು ಬಟ್ಟಲಿನಲ್ಲಿ 2 ಗ್ರಾಂ ಬ್ಲೀಚಿಂಗ್ ಪೌಡರನ್ನು ಸ್ವಲ್ಪ ನೀರಿನಲ್ಲಿ ಕಲಸಿ, ಗುರುತಿನವರೆಗೆ ನೀರು ತುಂಬಿ, ತಿಳಿಯಾಗಲು ಬಿಡಿ. ಆರು ಬಿಳಿ ಬಟ್ಟಲುಗಳಿಗೆ ಬಾವಿಯ ನೀರು ಹಾಕಿ. ಮೊದಲನೆಯದಕ್ಕೆ ಒಂದು ತೊಟ್ಟು, ಎರಡನೆಯದಕ್ಕೆ ಎರಡು, ಹೀಗೆ ಆರರವರೆಗೆ ತಿಳಿದ್ರಾವಣ ಬೆರೆಸಿ ಅರ್ಧ ಗಂಟೆ ಬಿಡಿ. ಆಮೇಲೆ ಪ್ರತಿಯೊಂದಕ್ಕೂ ಮೂರು ತೊಟ್ಟು ಸ್ಟಾರ್ಚ್ ಅಯೋಡೈಡ್ ಹಾಕಿ. ಮೂರನೇ ಬಟ್ಟಲಿನಲ್ಲಿ ಮೊದಲು ನೀಲಿ ಕಂಡರೆ 455 ಲೀಟರಿಗೆ 3 × 2, ಅಂದರೆ 6 ಗ್ರಾಂ ಪೌಡರ್ ಬೇಕು.

ಬಾವಿಯ ವ್ಯಾಸ 3 ಮೀಟರ್, ನೀರಿನ ಆಳ 4 ಮೀಟರ್ ಇದ್ದರೆ ನೀರು 28,260 ಲೀಟರ್, ಪೌಡರ್ ಸುಮಾರು 373 ಗ್ರಾಂ. ಒಂದು ಬಕೆಟಿಗೆ 100 ಗ್ರಾಂ ಮೀರದಂತೆ ನಾಲ್ಕು ಬಕೆಟುಗಳಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಬಾವಿಗೆ ಬಿಡಬೇಕು. ಗಷ್ಟನ್ನೂ ಸುರಿದರೆ ನೀರಿನ ಗಡಸುತನ ಹೆಚ್ಚುತ್ತದೆ. ಒಂದು ಗಂಟೆಯ ನಂತರ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಉಳಿಯದಿದ್ದರೆ ಮೊದಲು ಅನುಮಾನಿಸಬೇಕಾದ್ದು ಪೌಡರನ್ನು: ತಾಜಾ ಇರುವಾಗ ಅದರಲ್ಲಿ ಶೇಕಡಾ 33ರಷ್ಟು ಕ್ಲೋರಿನ್ ಇರುತ್ತದೆ, ಬಾಯಿ ತೆರೆದ ಚೀಲದಲ್ಲಿ ಅದು ದಿನೇದಿನೇ ಹಾರಿಹೋಗುತ್ತದೆ. ಎರಡನೆಯದು, ಬೇಸಿಗೆಯಲ್ಲಿ ಅಳೆದ ಆಳವನ್ನೇ ಮಳೆಗಾಲಕ್ಕೂ ಬಳಸಿರುವುದು. ಇಷ್ಟು ಮಾಡಿದವರು ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ತಡವರಿಸುವುದಿಲ್ಲ.

ಇಸವಿ ಮತ್ತು ಯೋಜನೆಗಳನ್ನು ಕೊನೆಗೆ ಓದಿ. ಆ ಹೊತ್ತಿಗೆ ಅವುಗಳಿಗೆ ಕಾರಣ ಸಿಕ್ಕಿರುತ್ತದೆ.

ಪ್ರಶ್ನೆ: ಇಂಟರ್ನ್‌ಶಿಪ್‌ನ ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಪೋಸ್ಟಿಂಗ್ ಅಂದರೆ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ನೀಟ್-ಪಿಜಿಗೆ ಓದಲು ಸಿಗುವ ರಜೆ ಎಂದೇ ಸೀನಿಯರ್‌ಗಳು ಹೇಳುತ್ತಾರೆ. ಅಲ್ಲಿ ಕಲಿಯಲು ಏನಾದರೂ ಇದೆಯೇ?
– ಇಂಟರ್ನ್, ಕಲಬುರಗಿ

ಉತ್ತರ: ಕಡ್ಡಾಯ ಇಂಟರ್ನ್‌ಶಿಪ್‌ನಲ್ಲಿ ಕಮ್ಯುನಿಟಿ ಮೆಡಿಸಿನ್‌ಗೆ 12 ವಾರ ಇಟ್ಟಿದ್ದಾರೆ, ಬೇರೆ ಯಾವ ವಿಭಾಗಕ್ಕೂ ಅಷ್ಟಿಲ್ಲ. ಅದನ್ನು ರಜೆ ಎಂದು ಕಳೆಯುವುದು ನಿಜಕ್ಕೂ ನಷ್ಟ. ಸಂಜೆ ಓದಿ, ಬೇಡವೆನ್ನುವುದಿಲ್ಲ. ಹಗಲಿನಲ್ಲಿ ಲಸಿಕೆಯ ದಿನವೊಂದನ್ನು ಕೊನೆಯವರೆಗೂ ಗಮನಿಸಿ. ಲಸಿಕೆ ಇಡುವ ಫ್ರಿಜ್ ಆದ ಐಎಲ್‌ಆರ್‌ನ ತಾಪಮಾನ 2ರಿಂದ 8 ಡಿಗ್ರಿಯೊಳಗಿದೆಯೇ? ದಿನಕ್ಕೆರಡು ಸಲ ಬರೆದಿದ್ದಾರೆಯೇ? ಬಾಟಲಿಯ ವಿವಿಎಂನಲ್ಲಿ (ಬಿಸಿ ತಗುಲಿದ್ದನ್ನು ಬಣ್ಣದಿಂದ ತೋರಿಸುವ ಗುರುತು) ಒಳಗಿನ ಚೌಕ ಹೊರಗಿನ ವೃತ್ತದಷ್ಟು ಕಪ್ಪಾಗಿದ್ದರೆ ಆ ಬಾಟಲಿ ಬಳಸುವಂತಿಲ್ಲ.

ಬಿಸಿಗಿಂತ ಹೆಚ್ಚಾಗಿ ಕಣ್ತಪ್ಪುವುದು ಹೆಪ್ಪುಗಟ್ಟುವಿಕೆ. ಫ್ರೀಜರಿನಿಂದ ತೆಗೆದ ಐಸ್‌ಪ್ಯಾಕನ್ನು ತಕ್ಷಣ ಕ್ಯಾರಿಯರಿಗೆ ತುಂಬಿದರೆ ಐದು ರೋಗಗಳ ವಿರುದ್ಧದ ಪೆಂಟಾವೇಲೆಂಟ್ ಲಸಿಕೆ ಹೆಪ್ಪುಗಟ್ಟಿ ಕೆಡುತ್ತದೆ, ಮತ್ತು ವಿವಿಎಂ ಅದನ್ನು ತೋರಿಸುವುದಿಲ್ಲ. ಪ್ಯಾಕನ್ನು ಹೊರಗಿಟ್ಟು, ಅಲುಗಾಡಿಸಿದಾಗ ಒಳಗೆ ನೀರಿನ ಸದ್ದು ಕೇಳಿದ ಮೇಲೆ ತುಂಬಬೇಕು. ತೆರೆದ ಬಿಸಿಜಿ (ಕ್ಷಯದ ಲಸಿಕೆ), ಎಂಆರ್ (ದಡಾರ-ರುಬೆಲ್ಲಾ ಲಸಿಕೆ) ಬಾಟಲಿಗಳನ್ನು ನಾಲ್ಕು ಗಂಟೆಯ ಮೇಲೆ ಬಳಸಬಾರದು. ಪೆಂಟಾವೇಲೆಂಟನ್ನು ನಿಯಮದಂತೆ ಇಟ್ಟರೆ 28 ದಿನ ಬಳಸಬಹುದು. ಇವೆಲ್ಲ ನೀಟ್-ಪಿಜಿಯಲ್ಲೂ ಕೇಳುವ ಸಂಗತಿಗಳೇ. ಆಶಾ ಕಾರ್ಯಕರ್ತೆಯ ಜೊತೆ ಒಂದೆರಡು ದಿನ ಮನೆಮನೆಗೆ ಹೋಗಿ ಬನ್ನಿ. ತಾಯಿ ಕಾರ್ಡಿನಲ್ಲಿ ಡೋಸು ಯಾಕೆ ತಪ್ಪಿದೆ ಎನ್ನುವುದು ಹೊಸ್ತಿಲಲ್ಲಿ ನಿಂತು ಕೇಳಿದಾಗಲೇ ತಿಳಿಯುತ್ತದೆ: ಕೆಲವು ಕಡೆ ಜ್ವರದ ಭಯ, ಕೆಲವು ಕಡೆ ಅಂದು ಕೂಲಿ ತಪ್ಪುತ್ತದೆ ಎಂಬ ಚಿಂತೆ.

ಪ್ರಶ್ನೆ: ಮಗ ಎಂಡಿ ಕಮ್ಯುನಿಟಿ ಮೆಡಿಸಿನ್ ಸೀಟು ತೆಗೆದುಕೊಳ್ಳುತ್ತೇನೆ ಎನ್ನುತ್ತಾನೆ. ರೋಗಿಗಳನ್ನು ನೋಡದ ಡಾಕ್ಟರ್ ಆಗುತ್ತಾನೆಯೇ? ಬೇರೆ ಸೀಟು ಸಿಗದವರ ಬ್ರಾಂಚ್ ಅದು ಎಂದು ನೆಂಟರು ಹೇಳುತ್ತಿದ್ದಾರೆ.
– ಪೋಷಕರು, ತುಮಕೂರು

ಉತ್ತರ: ನೆಂಟರ ಮಾತಿನಲ್ಲಿ ಅರ್ಧ ನಿಜವಿದೆ. ರ್‍ಯಾಂಕ್ ಕಡಿಮೆಯಾಗಿ, ಮನಸ್ಸಿಲ್ಲದೆ ಬರುವವರು ಇದ್ದಾರೆ, ಮೂರು ವರ್ಷವೂ ಕೊರಗುತ್ತಾರೆ. ನಿಮ್ಮ ಮಗ ತಾನಾಗಿ ಆರಿಸಿಕೊಳ್ಳುತ್ತಿದ್ದಾನೆ, ಅದು ಬೇರೆಯೇ ಸಂಗತಿ. ಈ ಪದವಿಯಿಂದ ಎಂಬಿಬಿಎಸ್ ನೋಂದಣಿ ಹೋಗುವುದಿಲ್ಲ, ಸಾಮಾನ್ಯ ರೋಗಿಗಳನ್ನು ನೋಡಲು ಅಡ್ಡಿಯಿಲ್ಲ. ಆದರೆ ಮುಖ್ಯ ಕೆಲಸ ಬೇರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯನ್ನೇ ನೋಡಿ. ಜ್ವರ ಬಂದವರಿಗೆ ಆಸ್ಪತ್ರೆಯಲ್ಲಿ ಶುಶ್ರೂಷೆ ಸಿಗುತ್ತದೆ. ಮಂಗ ಸತ್ತ ಸುದ್ದಿ ಬಂದ ಕೂಡಲೇ ರೋಗ ಹರಡುವ ಉಣ್ಣೆಗಳನ್ನು (ಉಣುಗುಗಳನ್ನು) ಪರೀಕ್ಷೆಗೆ ಕಳಿಸುವುದು, ತರಗೆಲೆ ಸೌದೆಗೆಂದು ಕಾಡಿಗೆ ಹೋಗುವವರನ್ನು ಎಚ್ಚರಿಸುವುದು, ಉಣ್ಣೆ ಕಚ್ಚದಂತೆ ಮೈಗೆ ಹಚ್ಚುವ ಡೇಪಾ ಎಣ್ಣೆ ತಲುಪಿಸುವುದು, ಮುಂದಿನ ಜ್ವರ ಎಲ್ಲಿ ಕಾಣಬಹುದೆಂದು ನಕ್ಷೆಯಲ್ಲಿ ಗುರುತು ಹಾಕುವುದು, ಇದೂ ಡಾಕ್ಟರ ಕೆಲಸವೇ.

ಉದ್ಯೋಗದ ದಾರಿಗಳು ಹೀಗಿವೆ. ಪ್ರತಿ ವೈದ್ಯಕೀಯ ಕಾಲೇಜಿನಲ್ಲೂ ಈ ವಿಭಾಗ ಇರಲೇಬೇಕಾದ್ದರಿಂದ ಬೋಧನೆ ಎಲ್ಲಕ್ಕಿಂತ ನೆಚ್ಚಿಕೊಳ್ಳಬಹುದಾದ ದಾರಿ. ಆರೋಗ್ಯ ಇಲಾಖೆಯಲ್ಲಿ ಸರ್ವೇಕ್ಷಣೆ (ರೋಗಗಳ ಮೇಲೆ ನಿಗಾ), ಕ್ಷಯ, ಲಸಿಕಾ ಕಾರ್ಯಕ್ರಮಗಳ ಹುದ್ದೆಗಳಿವೆ, ಆದರೆ ಈ ಪದವಿ ಇದ್ದವರಿಗೇ ಸಿಗುತ್ತವೆ ಎಂಬ ಖಾತ್ರಿಯಿಲ್ಲ. ಈ ವಿಷಯ ಆರಿಸಿಕೊಂಡವರಿಗೆ ಇದು ಅನ್ಯಾಯವೇ ಸರಿ. ವಿಶ್ವ ಆರೋಗ್ಯ ಸಂಸ್ಥೆಯ ಸರ್ವೇಕ್ಷಣಾ ವೈದ್ಯಾಧಿಕಾರಿ ಕೆಲಸಕ್ಕೆ, ದೆಹಲಿಯ ಎನ್‌ಸಿಡಿಸಿ (ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರ) ನಡೆಸುವ ಎರಡು ವರ್ಷದ ಎಪಿಡೆಮಿಕ್ ಇಂಟೆಲಿಜೆನ್ಸ್ ತರಬೇತಿಗೆ ಪ್ರಯತ್ನಿಸಬಹುದು. ಸಂಶೋಧನೆಯಲ್ಲಿ ಒಲವಿದ್ದರೆ ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕರೋಗಶಾಸ್ತ್ರ ಸಂಸ್ಥೆ, ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಂಥ ಜಾಗಗಳಿವೆ. ಯೋಜನೆಗಳ ಮೇಲೆ ನಿಂತ ಕೆಲಸಗಳು ಬಹುತೇಕ ಗುತ್ತಿಗೆಯವು, ಹಣ ಮುಗಿದರೆ ಕೆಲಸವೂ ಮುಗಿಯಿತು. ಖಾಸಗಿ ಪ್ರಾಕ್ಟೀಸಿನ ಆದಾಯವನ್ನೇ ನಿರೀಕ್ಷಿಸುವ ಮನೆಯಾದರೆ ಈ ಮಾತನ್ನು ಈಗಲೇ ಕೂತು ಮಾತಾಡಿಕೊಳ್ಳಿ.

ಕೌನ್ಸೆಲಿಂಗಿಗೆ ಮುಂಚೆ ಆ ಕಾಲೇಜಿನ ಈಗಿನ ಪಿಜಿಗಳನ್ನು ಮಗ ಕಾಣಲಿ. ಗ್ರಾಮೀಣ ಆರೋಗ್ಯ ಕೇಂದ್ರ ದಿನಾ ತೆರೆದಿರುತ್ತದೆಯೇ, ಅಲ್ಲಿಗೆ ಹೋಗಲು ವಾಹನವಿದೆಯೇ, ಅಂಕಿಅಂಶ ಕಲಿಸುವವರು ಇದ್ದಾರೆಯೇ, ಮೂರು ತಿಂಗಳ ಜಿಲ್ಲಾ ರೆಸಿಡೆನ್ಸಿಯಲ್ಲಿ (ಪಿಜಿಗಳು ಜಿಲ್ಲಾ ಆರೋಗ್ಯ ವ್ಯವಸ್ಥೆಯಲ್ಲಿ ಕೆಲಸ ಮಾಡುವ ಅವಧಿ) ಅವರನ್ನು ಆರೋಗ್ಯಾಧಿಕಾರಿಯ ಕಚೇರಿಯ ಕೆಲಸಕ್ಕೂ ಸೇರಿಸಿಕೊಳ್ಳುತ್ತಾರೆಯೇ ಅಥವಾ ಓಪಿಡಿಗಷ್ಟೇ ಕಳಿಸುತ್ತಾರೆಯೇ ಎಂದು ಕೇಳಲಿ. ಈ ನಾಲ್ಕಕ್ಕೂ ಒಳ್ಳೆಯ ಉತ್ತರ ಸಿಗುವ ಕಾಲೇಜು ದೂರದ್ದಾದರೂ ಅಡ್ಡಿಯಿಲ್ಲ, ಅದನ್ನೇ ಆಯ್ಕೆಪಟ್ಟಿಯಲ್ಲಿ ಮೇಲೆ ಹಾಕಲಿ.