1992ರ ಎಂಎಕ್ಸ್-5 ಕಾರಿನ ಒಳಭಾಗವನ್ನು ನಾನೇ ಸರಿಪಡಿಸಬೇಕೆಂದಿದ್ದೇನೆ, ಯಾವುದರಿಂದ ಶುರು ಮಾಡಲಿ?

ನಿಮ್ಮ ಪ್ರಶ್ನೆಯಲ್ಲಿ ಐದು ದೂರುಗಳಿವೆ. ಸೀಟಿನ ಅಂಚು ಹರಿದಿದೆ, ಕಾರ್ಪೆಟ್ ಮುಗ್ಗಲು ವಾಸನೆ ಹೊಡೆಯುತ್ತಿದೆ, ಕಿಟಕಿಯ ಗಾಜು ಏರುವಾಗ ಅರ್ಧದಲ್ಲಿ ತಿಣುಕುತ್ತದೆ, ಗೇರ್ ಲಿವರಿನ ಸುತ್ತ ಬಿಸಿಗಾಳಿಯೂ ಸದ್ದೂ ಬರುತ್ತದೆ, ಸ್ಟೀರಿಯೊ ಸತ್ತಿದೆ. ಹೊಸ ಕಾರ್ಪೆಟ್, ಸೀಟ್ ಕವರ್ ಮತ್ತು ಸದ್ದು ತಗ್ಗಿಸುವ ಹಾಳೆಗಳನ್ನು ತರಿಸಿಕೊಂಡು ರಜೆಯ ದಿನಗಳಲ್ಲಿ ನೀವೇ ಹಾಕಬೇಕೆಂದಿದ್ದೀರಿ. ಇದೇ ತಲೆಮಾರಿನ, ಬಟ್ಟೆಯ ಛಾವಣಿ ಮಡಚುವ ಎರಡು ಸೀಟಿನ ಮಜ್ದಾ ಎಂಎಕ್ಸ್-5 ಕಾರನ್ನು ಹಲವು ವರ್ಷಗಳಿಂದ ಸ್ವತಃ ನೋಡಿಕೊಂಡು ಬಂದವನಾಗಿ ನಾನು ಹೇಳುವುದು ಒಂದೇ ಮಾತು: ಮೊದಲು ಆ ಮುಗ್ಗಲು ವಾಸನೆಗೆ ಕಾರಣವಾದ ನೀರು ಎಲ್ಲಿಂದ ಬರುತ್ತಿದೆ ಎಂಬುದನ್ನು ಕಂಡುಹಿಡಿಯಿರಿ. ಅದು ನಿಲ್ಲುವ ತನಕ ಹೊಸ ಸಾಮಾನನ್ನು ಪೊಟ್ಟಣದಿಂದ ಹೊರಗೆ ತೆಗೆಯಬೇಡಿ.

ನಾನು ಈ ಕ್ರಮವನ್ನು ತಿರುಗುಮುರುಗು ಮಾಡಿದ್ದೆ. ಹೊಸ ಕಾರ್ಪೆಟ್ ಹಾಸಿ, ಸೀಟುಗಳನ್ನು ಬಿಗಿಸಿ, ಬಹಳ ಸಂತೋಷಪಟ್ಟೆ. ಎರಡು ಮಳೆ ಕಳೆದ ಮೇಲೆ ಅದೇ ವಾಸನೆ ಮರಳಿತು. ಎಲ್ಲವನ್ನೂ ಮತ್ತೆ ಬಿಚ್ಚಿ ಕಾರ್ಪೆಟ್ಟಿನ ಅಡಿಯ ಫೋಮನ್ನು ಹಿಂಡಿದಾಗ ಬೆರಳುಗಳ ನಡುವಿನಿಂದ ಕಂದು ನೀರು ಸುರಿಯಿತು. ಮೇಲಿನ ನೂಲು ಮುಟ್ಟಿದರೆ ಒಣಗಿದಂತೆಯೇ ಇತ್ತು, ಕೆಳಗಿನ ಫೋಮ್ ಮಾತ್ರ ನೀರನ್ನು ಹಿಡಿದಿಟ್ಟುಕೊಂಡಿತ್ತು. ಆದ್ದರಿಂದ ಮೇಲಿನಿಂದ ಕೈಯಾಡಿಸಿ ಒಣಗಿದೆ ಎಂದು ತೀರ್ಮಾನಿಸಬೇಡಿ.

1989ರಲ್ಲಿ ಬಂದ ಈ ಮೊದಲ ತಲೆಮಾರಿನ ಕಾರಿನಲ್ಲಿ ಬಟ್ಟೆಯ ಛಾವಣಿಯ ಮೇಲೆ ಬಿದ್ದ ಮಳೆನೀರು ಸೀಟುಗಳ ಹಿಂದಿನ ಎರಡು ಮೂಲೆಗಳಲ್ಲಿರುವ ರಂಧ್ರಗಳ ಮೂಲಕ ಕೊಳವೆಗಳಿಗೆ ಇಳಿದು, ಹಿಂದಿನ ಚಕ್ರಗಳ ಮುಂಭಾಗದಲ್ಲಿ ಕೆಳಗಿನಿಂದ ಹೊರಬೀಳಬೇಕು. ಎಲೆಯ ಚೂರು ಮತ್ತು ಧೂಳು ಸೇರಿ ಆ ಕೊಳವೆ ಕಟ್ಟಿಕೊಂಡರೆ ನೀರು ಉಕ್ಕಿ ಒಳಗೆ ಇಳಿಯುತ್ತದೆ, ಇಲ್ಲವೇ ಬಾಗಿಲಿನ ಕೆಳಗಿನ ಟೊಳ್ಳು ಪಟ್ಟಿಯೊಳಗೆ ನಿಂತು ಅದನ್ನು ಒಳಗಿನಿಂದಲೇ ತುಕ್ಕು ಹಿಡಿಸುತ್ತದೆ. ಈ ಕಾರುಗಳು ಹಿಂದಿನ ಚಕ್ರದ ಮುಂದಿನ ಭಾಗದಲ್ಲೇ ಮೊದಲು ಕೊಳೆಯುವುದು ಇದೇ ಕಾರಣಕ್ಕೆ. ಛಾವಣಿಯನ್ನು ಅರ್ಧ ಮಡಚಿ, ಒಂದು ಬಾಟಲಿ ನೀರನ್ನು ನಿಧಾನವಾಗಿ ಆ ರಂಧ್ರಕ್ಕೆ ಸುರಿದು, ಕೆಳಗೆ ಧಾರೆಯಾಗಿ ಬರುತ್ತದೆಯೇ ತೊಟ್ಟಿಕ್ಕುತ್ತದೆಯೇ ಎಂದು ಎರಡೂ ಬದಿ ನೋಡಿ. ಕಟ್ಟಿಕೊಂಡಿದ್ದರೆ ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಾಕುವ ಮೆತ್ತನೆಯ ನೈಲಾನ್ ದಾರವನ್ನು ಇಳಿಸಿ, ಮೆಲ್ಲಗೆ ತಿರುಗಿಸುತ್ತಾ ಬಿಡಿಸಿ. ಗಟ್ಟಿ ಕಬ್ಬಿಣದ ತಂತಿ ಕೊಳವೆಯನ್ನು ತೂತು ಮಾಡುತ್ತದೆ. ಕಂಪ್ರೆಸರಿನ ಜೋರು ಗಾಳಿ ಅದನ್ನು ಜಾಗದಿಂದಲೇ ಕಳಚಿಬಿಡಬಹುದು.

ನೀರು ಬರುವ ಎರಡನೆಯ ದಾರಿ ಬಾಗಿಲು, ಮತ್ತು ಇಲ್ಲಿ ನಿಮ್ಮ ಕಿಟಕಿಯ ದೂರೂ ಸೇರಿಕೊಳ್ಳುತ್ತದೆ. ಗಾಜಿನ ಪಕ್ಕದಿಂದ ಸ್ವಲ್ಪ ನೀರು ಬಾಗಿಲಿನೊಳಗೆ ಇಳಿಯುವುದು ಸಹಜ. ಅದು ತಳದ ರಂಧ್ರಗಳಿಂದ ಹೊರಹೋಗುತ್ತದೆ. ಅದು ಒಳಭಾಗಕ್ಕೆ ಬಾರದಂತೆ ತಡೆಯುವುದು ಬಾಗಿಲಿನ ಒಳಹಲಗೆಯ ಹಿಂದೆ ಕಪ್ಪು ಅಂಟಿನಿಂದ ಹಚ್ಚಿದ ತೆಳು ಪ್ಲಾಸ್ಟಿಕ್ ಹಾಳೆ. ಹಿಂದೆ ಯಾರೋ ಸ್ಪೀಕರ್ ಹಾಕುವಾಗ ಅದನ್ನು ಹರಿದು ಎಸೆದಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಕಾರುಗಳಲ್ಲಿ ಕಂಡಿದ್ದೇನೆ. ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಅದೇ ಅಳತೆಗೆ ಕತ್ತರಿಸಿ ಬ್ಯೂಟೈಲ್ ಎಂಬ ಮೆತ್ತನೆಯ ರಬ್ಬರಿನ ಅಂಟುಪಟ್ಟಿಯಿಂದ ಮತ್ತೆ ಹಚ್ಚಿ. ಒಳಹಲಗೆ ಬಿಚ್ಚಿದ ಹೊತ್ತಿನಲ್ಲೇ ಗಾಜು ಜಾರುವ ಹಳಿಗಳ ಮೇಲಿನ ಗಟ್ಟಿಯಾದ ಹಳೆಯ ಗ್ರೀಸನ್ನು ಪೂರ್ತಿ ಒರೆಸಿ ಹೊಸದಾಗಿ ಸಿಲಿಕೋನ್ ಗ್ರೀಸ್ ಸವರಿ. ಮೋಟಾರು ಸತ್ತಿದೆ ಎಂದು ಜನ ಹೊಸದನ್ನು ಕೊಳ್ಳುತ್ತಾರೆ, ಆದರೆ ಅನೇಕ ವೇಳೆ ಮೋಟಾರು ಚೆನ್ನಾಗಿಯೇ ಇದ್ದು, ಹಳಿಗಳು ಒಣಗಿರುತ್ತವೆ ಅಥವಾ ಗಾಜನ್ನು ಎಳೆಯುವ ತಂತಿಯ ಹಗ್ಗ ಸವೆದಿರುತ್ತದೆ.

ಸೀಟು ತೆಗೆಯುವುದು ಹೆದರುವ ಕೆಲಸವಲ್ಲ. ಒಂದೊಂದು ಸೀಟಿಗೆ ನಾಲ್ಕು ಬೋಲ್ಟುಗಳಿವೆ, 14 ಮಿ.ಮೀ. ಸಾಕೆಟ್ ಸಾಕು. ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು ನೆನೆಯಲು ಬಿಡಿ. ಸೀಟನ್ನು ಎತ್ತುವ ಮೊದಲು ಅಡಿಗೆ ಕೈ ಹಾಕಿ ನೋಡಿ: ಆ ಕಾಲದ ಅನೇಕ ಎಂಎಕ್ಸ್-5ಗಳಲ್ಲಿ ತಲೆದಿಂಬಿನೊಳಗೆ ಸ್ಪೀಕರುಗಳಿದ್ದು, ಅವುಗಳ ವೈರು ಸೀಟಿನ ಕೆಳಗೆ ಜೋಡಣೆಯಾಗಿರುತ್ತದೆ. ಯಾವ ಕೆಲಸಕ್ಕೂ ಮುನ್ನ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ. ಬ್ಯಾಟರಿ ಡಿಕ್ಕಿಯಲ್ಲಿದೆ, ಅದರ ಅನಿಲ ಹೊರಹೋಗಲು ಸಣ್ಣ ಕೊಳವೆ ಇರುತ್ತದೆ, ಬ್ಯಾಟರಿ ಬದಲಿಸಿದವರು ಅದನ್ನು ಜೋಡಿಸದೆ ಬಿಟ್ಟಿದ್ದಾರೆಯೇ ನೋಡಿಕೊಳ್ಳಿ. ಸ್ಟೀರಿಂಗ್ ಚಕ್ರದಲ್ಲಿ ಏರ್‌ಬ್ಯಾಗ್ ಇರುವ ಕಾರಾದರೆ ಅದನ್ನೂ ಅದರ ವೈರಿನ ಕನೆಕ್ಟರುಗಳನ್ನೂ ಮುಟ್ಟಬೇಡಿ, ವಿದ್ಯುತ್ ಅಳೆಯುವ ಮಲ್ಟಿಮೀಟರನ್ನಂತೂ ಅಲ್ಲಿಗೆ ಹಿಡಿಯಲೇಬೇಡಿ. ಸೀಟ್ ಬೆಲ್ಟು ಮತ್ತು ಏರ್‌ಬ್ಯಾಗ್ ಇವೆರಡನ್ನು ನಾನು ಈಗಲೂ ಬಲ್ಲವರ ಕೈಗೇ ಕೊಡುತ್ತೇನೆ.

ಕಾರ್ಪೆಟ್ ಎತ್ತಿದ ಮೇಲೆ ನೆಲದ ತಗಡನ್ನು ಒಂದೆರಡು ದಿನ ಪೂರ್ತಿ ಒಣಗಲು ಬಿಟ್ಟು, ಕಂದು ಕಲೆಯಿರುವ ಕಡೆಯೆಲ್ಲ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ಕೇಳಿ. ಠಣ್ ಎಂದರೆ ಮೇಲ್ಮೈಯ ತುಕ್ಕು; ಉಜ್ಜಿ, ತುಕ್ಕು ತಡೆಯುವ ಪ್ರೈಮರ್ ಮತ್ತು ಬಣ್ಣ ಬಳಿದರೆ ಮುಗಿಯಿತು. ಮಂದವಾದ ಸದ್ದು ಬಂದು ಪದರ ಉದುರಿದರೆ ಅದು ವೆಲ್ಡಿಂಗ್ ಮಾಡುವವರ ಕೆಲಸ. ಅದರ ಮೇಲೆ ಪುಟ್ಟಿ ಮೆತ್ತಿ ಮುಚ್ಚುವುದು ಬೇಡ.

ಗೇರ್ ಲಿವರಿನ ಬಿಸಿಗಾಳಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಷ್ಟು ಸಣ್ಣ ಕೆಲಸದಿಂದ ಇಷ್ಟು ದೊಡ್ಡ ಬದಲಾವಣೆ ಈ ಕಾರಿನಲ್ಲಿ ಬೇರೆಲ್ಲೂ ಸಿಗುವುದಿಲ್ಲ. ಸೀಟುಗಳ ನಡುವಿನ ಕನ್ಸೋಲ್ ಪೆಟ್ಟಿಗೆ ಎತ್ತಿದರೆ ಒಂದರ ಕೆಳಗೊಂದು ಎರಡು ರಬ್ಬರ್ ಬೂಟುಗಳಿವೆ, ಅಂದರೆ ಲಿವರಿನ ಬುಡವನ್ನು ಸುತ್ತುವ ಹೊದಿಕೆಗಳು. ಮೇಲಿನದು ಸದ್ದನ್ನೂ ಬಿಸಿಯನ್ನೂ ತಡೆಯುತ್ತದೆ, ಕೆಳಗಿನದು ಲಿವರಿನ ಬುಡದ ಎಣ್ಣೆಯನ್ನು ಕಾಪಾಡುತ್ತದೆ. ಇಷ್ಟು ವರ್ಷಗಳಲ್ಲಿ ಎರಡೂ ಬಿರಿದಿರುವುದೇ ಹೆಚ್ಚು. ನನ್ನ ಕಾರಿನ ಕೆಳಗಿನ ಬೂಟು ಕೈಯಲ್ಲಿ ಹಿಡಿದಾಗ ಹಳೆಯ ಸೈಕಲ್ ಟ್ಯೂಬಿನಂತೆ ಚೂರುಚೂರಾಗಿ ಬಿಟ್ಟುಕೊಂಡಿತು. ಈ ಗೇರ್‌ಬಾಕ್ಸಿನಲ್ಲಿ ಲಿವರಿನ ಬುಡಕ್ಕೆ ಬೇರೆಯದೇ ಆದ ಪುಟ್ಟ ಎಣ್ಣೆಕುಣಿ ಇದೆ, ಗೇರ್‌ಬಾಕ್ಸಿನ ಎಣ್ಣೆ ಬದಲಿಸಿದರೆ ಅಲ್ಲಿನ ಎಣ್ಣೆ ಬದಲಾಗುವುದಿಲ್ಲ. ಲಿವರನ್ನು ಹಿಡಿದಿರುವ ಮೂರು ಬೋಲ್ಟು ಬಿಚ್ಚಿ ಅದನ್ನು ಮೇಲೆತ್ತಿ, ಕೆಸರಿನಂತಾದ ಹಳೆಯ ಎಣ್ಣೆಯನ್ನು ಸಿರಿಂಜಿನಿಂದ ಹೀರಿ ತೆಗೆದು, ಹೊಸ 75ಡಬ್ಲ್ಯೂ-90 ದರ್ಜೆಯ ಗೇರ್ ಆಯಿಲ್ ಹಾಕಿ, ತುದಿಯ ಪ್ಲಾಸ್ಟಿಕ್ ಬುಶ್ (ಲಿವರಿನ ತುದಿಗೆ ತೊಡಿಸುವ ಬಳೆ) ಮತ್ತು ಎರಡೂ ಬೂಟುಗಳನ್ನು ಬದಲಿಸಿ. ಬಿಚ್ಚುವ ಮೊದಲು ಸುತ್ತಲಿನ ಮಣ್ಣನ್ನು ಚೆನ್ನಾಗಿ ಒರೆಸಿ, ಒಂದು ಹರಳೂ ಒಳಗೆ ಬೀಳಬಾರದು. ಮರುದಿನ ಗೇರ್ ಬದಲಿಸುವಾಗ ಅಂಗೈಗೆ ಸಿಗುವ ಅನುಭವವೇ ಬೇರೆ. ಬಿಸಿಗಾಳಿ ನಿಲ್ಲುತ್ತದೆ, ಸದ್ದೂ ಎಷ್ಟೋ ತಗ್ಗುತ್ತದೆ.

ಹಾಗೆ ಸದ್ದು ತಗ್ಗಿದ ಮೇಲೆ, ನೀವು ತರಿಸಬೇಕೆಂದಿರುವ ಹಾಳೆಗಳು ಅಷ್ಟೊಂದು ಬೇಕೇ ಎಂದು ಮತ್ತೊಮ್ಮೆ ಯೋಚಿಸಿ. ಬ್ಯೂಟೈಲ್ ಹಾಳೆಯ ಕೆಲಸ ತಗಡಿನ ಕಂಪನವನ್ನು ಅಡಗಿಸುವುದು. ಅದಕ್ಕೆ ತಗಡಿನ ಕಾಲು ಭಾಗದಿಂದ ಮೂರನೇ ಒಂದು ಭಾಗ ಮುಚ್ಚಿದರೆ ಸಾಕು. ಒಂದು ಟನ್ನಿಗಿಂತ ಕಡಿಮೆ ತೂಗುವ, ಹಗುರವಾಗಿರುವುದಕ್ಕಾಗಿಯೇ ಜನ ಪ್ರೀತಿಸುವ ಕಾರಿನ ಮೇಲೆ ಸುಮ್ಮನೆ ಭಾರ ಹೇರುವುದು ನನಗೆ ಸರಿ ಕಾಣುವುದಿಲ್ಲ. ನೆಲದ ತಗಡಿನ ರಂಧ್ರಗಳಿಗಿರುವ ರಬ್ಬರ್ ಮುಚ್ಚಳಗಳ ಮೇಲೆ ಹಾಳೆ ಹಚ್ಚಬೇಡಿ. ತಾರಸಿಗೆ ಹಚ್ಚುವ ಡಾಂಬರು ಪಟ್ಟಿಯನ್ನಂತೂ ತರಲೇಬೇಡಿ, ಬಿಸಿಲಿಗೆ ಅದು ಕರಗಿ ವಾಸನೆ ಬರುತ್ತದೆ.

ಸೀಟ್ ಕವರುಗಳನ್ನು ಹಿಡಿದಿರುವ ಲೋಹದ ಉಂಗುರಗಳನ್ನು ಕಟ್ಟರಿನಿಂದ ಕತ್ತರಿಸುವಾಗ ಯಾವುದು ಎಲ್ಲಿತ್ತು ಎಂದು ಹೆಜ್ಜೆ ಹೆಜ್ಜೆಗೂ ಫೋಟೋ ತೆಗೆದುಕೊಳ್ಳಿ. ಹೊಸ ಕವರನ್ನು ಎಳೆದು ಕೂರಿಸುವ ಮೊದಲು ಬಿಸಿಲಲ್ಲಿಟ್ಟರೆ ಅದು ಮೆತ್ತಗಾಗಿ ಸುಕ್ಕು ಕಡಿಮೆಯಾಗುತ್ತದೆ. ಸ್ಟೀರಿಯೊಗೆ ಕಾರಿನ ಮೂಲ ವೈರುಗಳನ್ನು ಕತ್ತರಿಸದೆ, ಈ ಮಾದರಿಗೆ ಹೊಂದುವ ಅಡಾಪ್ಟರ್ ಕೊಂಡು ಅದಕ್ಕೆ ಜೋಡಿಸಿ. ಫ್ಯೂಸ್ ಹಾರುತ್ತಿದ್ದರೆ ಅದಕ್ಕಿಂತ ದೊಡ್ಡ ಫ್ಯೂಸ್ ಹಾಕುವುದು ಪರಿಹಾರವಲ್ಲ. ಎಲ್ಲೋ ವೈರಿನ ಸಿಪ್ಪೆ ಸುಲಿದು ತಗಡಿಗೆ ತಾಗುತ್ತಿದೆಯೆಂದು ಹುಡುಕಿ.

ಬಿಚ್ಚಿದ ಮೂಲ ಭಾಗಗಳನ್ನು, ಹರಿದ ಸೀಟ್ ಕವರನ್ನೂ ಸೇರಿಸಿ, ಎಸೆಯಬೇಡಿ. 2017ರಲ್ಲಿ ಮಜ್ದಾ ಕಂಪನಿಯೇ ಜಪಾನಿನಲ್ಲಿ ಈ ತಲೆಮಾರಿನ ಕಾರುಗಳಿಗೆ ದುರಸ್ತಿ ಯೋಜನೆಯನ್ನು ಪ್ರಕಟಿಸಿ, ಬಟ್ಟೆಯ ಛಾವಣಿ, ಇಟಲಿಯ ನಾರ್ಡಿ ಕಂಪನಿಯ ಸ್ಟೀರಿಂಗ್ ಚಕ್ರದಂಥ ಹಳೆಯ ಭಾಗಗಳನ್ನು ಮತ್ತೆ ತಯಾರಿಸಲು ಮುಂದಾಯಿತು. ಮೂಲ ಭಾಗಗಳಿಗೆ ಅಷ್ಟು ಬೇಡಿಕೆಯಿದೆ.

ಈ ವಾರ ನೀರಿನ ಪರೀಕ್ಷೆಯೊಂದನ್ನೇ ಮಾಡಿ ನೋಡಿ. ಯಾವ ಬದಿಯ ಕೊಳವೆ ತೊಟ್ಟಿಕ್ಕುತ್ತಿದೆ, ಬಾಗಿಲಿನ ಹಾಳೆ ಇದೆಯೇ, ಕಾರ್ಪೆಟ್ಟಿನ ಕೆಳಗೆ ಏನು ಕಂಡಿತು ಎಂದು ತಿಳಿಸಿದರೆ ಮುಂದಿನ ಕೆಲಸದ ಬಗ್ಗೆ ಖಂಡಿತ ಬರೆಯುತ್ತೇನೆ.