ಎರಡು ಪ್ರೊಸೆಸರ್‌ನ ಹಳೆ ವರ್ಕ್‌ಸ್ಟೇಷನ್ ಮನೆಗೆ ಬೇಕೆ?

ಪ್ರಶ್ನೆ: ನಮ್ಮದು ನಾಲ್ಕನೇ ತಲೆಮಾರಿನ ಕೋರ್ ಐ3, 4 ಜಿಬಿ ರ‍್ಯಾಮ್, ಹಳೆ ಹಾರ್ಡ್ ಡಿಸ್ಕ್. ಆನ್ ಮಾಡಿದರೆ ಚಹಾ ಕುಡಿದು ಬಂದರೂ ತೆರೆದಿರುವುದಿಲ್ಲ. ಹುಬ್ಬಳ್ಳಿಯಲ್ಲಿ ಎರಡು ಜಿಯಾನ್ ಇ5-2670 ಪ್ರೊಸೆಸರ್ ಇರುವ ಸೆಕೆಂಡ್ ಹ್ಯಾಂಡ್ ವರ್ಕ್‌ಸ್ಟೇಷನ್ (ಭಾರಿ ಕೆಲಸಕ್ಕೆಂದು ಮಾಡಿದ ಕಂಪ್ಯೂಟರ್) ಅಗ್ಗಕ್ಕೆ ಸಿಗುತ್ತಿದೆ. ಲೆಕ್ಕಪತ್ರ, ನುಡಿ ಟೈಪಿಂಗ್, ಮಗಳ ಕಾಲೇಜು ಕೆಲಸ, ಒಮ್ಮೊಮ್ಮೆ ಫೋಟೊ ಎಡಿಟಿಂಗ್ ಇಷ್ಟೇ ಬಳಕೆ. ಕೊಳ್ಳಬಹುದೆ?
ಓದುಗರು, ಕೋಡಿಬಾಗ, ಕಾರವಾರ

ಉತ್ತರ: ಬೇಡ. ನಿಮ್ಮ ಕಂಪ್ಯೂಟರ್ ನಿಧಾನವಾಗಿರುವುದು ಬಹುಶಃ ಪ್ರೊಸೆಸರ್‌ನಿಂದಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಕಂಪ್ಯೂಟರ್ ತಡವರಿಸುವಾಗ ‘ಪರ್ಫಾರ್ಮೆನ್ಸ್’ನಲ್ಲಿ ಡಿಸ್ಕ್ 100 ಶೇಕಡಾ ತೋರಿಸುತ್ತ ಸಿಪಿಯು ಅರ್ಧಕ್ಕೂ ಏರದಿದ್ದರೆ ಕಳ್ಳ ಸಿಕ್ಕಂತೆ. 4 ಜಿಬಿ ಸಾಲದೆ ವಿಂಡೋಸ್ ಹಾರ್ಡ್ ಡಿಸ್ಕನ್ನೇ ರ‍್ಯಾಮ್‌ನಂತೆ ಬಳಸುತ್ತಿರುತ್ತದೆ. ಅಲ್ಲಿ ಇಪ್ಪತ್ತು ಕೋರ್ (ಪ್ರೊಸೆಸರ್‌ನೊಳಗೆ ಲೆಕ್ಕ ಮಾಡುವ ಘಟಕ) ಕೂರಿಸಿದರೂ ಅವು ಡಿಸ್ಕಿಗಾಗಿ ಕಾಯುತ್ತ ಕೂರುತ್ತವೆ.

ಎರಡೂವರೆ ಇಂಚಿನ 500 ಜಿಬಿ ಸಾಟಾ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನ ಬದಲು ಬಳಸುವ ವೇಗದ ಚಿಪ್ ಡಿಸ್ಕ್) ಹಾಕಿಸಿ, ಡಿಡಿಆರ್3 ರ‍್ಯಾಮನ್ನು 8 ಜಿಬಿಗೆ ಏರಿಸಿ. ಬೋರ್ಡಿನಲ್ಲಿ 6 ಗಿಗಾಬಿಟ್‌ನ ಸಾಟಾ ಪೋರ್ಟ್‌ಗೇ ಜೋಡಿಸಬೇಕು. ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಮೂಲ ಸೆಟ್ಟಿಂಗ್) ಡಿಸ್ಕಿನ ವಿಧಾನ ‘ಎಎಚ್‌ಸಿಐ’ ಇದೆಯೇ ನೋಡಿಕೊಳ್ಳಿ. ಅದು ಹಳೆಯ ‘ಐಡಿಇ’ ಆಗಿದ್ದರೆ ಎಸ್‌ಎಸ್‌ಡಿಯ ಪೂರ್ತಿ ವೇಗ ಸಿಗದು. ಹಳೆಯ ವಿಂಡೋಸನ್ನು ಹಾಗೇ ನಕಲು (ಕ್ಲೋನ್) ಮಾಡುವ ಬದಲು ಹೊಸದಾಗಿ ಹಾಕಿಸಿದರೆ ವರ್ಷಗಳ ಕಸವೂ ಹೋಗುತ್ತದೆ.

ಇನ್ನು ಆ ವರ್ಕ್‌ಸ್ಟೇಷನ್. ಇ5-2670 ಬಂದದ್ದು 2012ರಲ್ಲಿ. ಒಂದರಲ್ಲಿ ಎಂಟು ಕೋರ್, ಎರಡು ಸೇರಿ ಹದಿನಾರು ನಿಜ. ಆದರೆ ನೀವು ಹೇಳಿದ ಕೆಲಸಗಳಿಗೆಲ್ಲ ಒಂದೊಂದು ಕೋರ್ ಎಷ್ಟು ಚುರುಕು ಎಂಬುದೇ ಮುಖ್ಯ. ಅದರಲ್ಲಿ 2022ರ ಸಾಮಾನ್ಯ ಐ3-12100 ಸುಮಾರು ಇಮ್ಮಡಿ ಮುಂದಿದೆ. ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ರೆಂಡರಿಂಗ್ ಮಾಡುವವರಿಗೆ, ಏಕಕಾಲಕ್ಕೆ ನಾಲ್ಕಾರು ವರ್ಚುವಲ್ ಮಷಿನ್ (ಒಂದೇ ಯಂತ್ರದೊಳಗೆ ಓಡುವ ಬೇರೆ ಕಂಪ್ಯೂಟರ್) ಓಡಿಸುವವರಿಗೆ ಹದಿನಾರು ಕೋರ್ ದುಡಿಯುತ್ತವೆ, ಮನೆಯಲ್ಲಿ ನಿದ್ದೆ ಹೊಡೆಯುತ್ತವೆ.

ನಿದ್ದೆಗೂ ಕರೆಂಟ್ ಬೇಕು. ಪೂರ್ತಿ ದುಡಿದರೆ ಒಂದೊಂದು ಚಿಪ್ 115 ವಾಟ್ ಎಳೆಯುತ್ತದೆ. ಈ ಜಿಯಾನ್‌ನಲ್ಲಿ ಪರದೆಗೆ ಚಿತ್ರ ಕಳಿಸುವ ಭಾಗ ಇಲ್ಲದ ಕಾರಣ ಗ್ರಾಫಿಕ್ಸ್ ಕಾರ್ಡಿನದು ಬೇರೆ. ಮನೆಗಳಲ್ಲಿರುವ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವಾಟ್. ಯಂತ್ರ ಪೂರ್ತಿ ದುಡಿಯುತ್ತಿರುವಾಗ ಮಳೆಗಾಲದಲ್ಲಿ ಕರೆಂಟ್ ಹೋದರೆ ಅದು ಒಮ್ಮೆ ಕಿರುಚಿ ಬಂದ್ ಆಗಬಹುದು. ಹೆಚ್ಚುವರಿ 100 ವಾಟ್ ಎಂದು ಹಿಡಿದರೂ ದಿನಕ್ಕೆ ಆರು ಗಂಟೆಯಂತೆ ತಿಂಗಳಿಗೆ 18 ಯುನಿಟ್.

ಎಲ್ಲಕ್ಕಿಂತ ದೊಡ್ಡ ತಲೆನೋವು ಬಿಡಿಭಾಗ. ಇಂಥವುಗಳ ಪವರ್ ಸಪ್ಲೈ, ಮದರ್‌ಬೋರ್ಡ್ ಹೆಚ್ಚಾಗಿ ಆಯಾ ಕಂಪನಿಯ ಅಳತೆಯವು. ಕಡಲಗಾಳಿಯ ಉಪ್ಪು, ತೇವಕ್ಕೆ ಕನೆಕ್ಟರ್ ಹಸಿರುಗಟ್ಟಿ ಕೆಟ್ಟರೆ ಪೇಟೆಯ ಸಾಮಾನ್ಯ ಎಸ್‌ಎಂಪಿಎಸ್ (ಪವರ್ ಸಪ್ಲೈ) ಅದಕ್ಕೆ ಕೂರದು. ಅದರ ರಿಜಿಸ್ಟರ್ಡ್ ಇಸಿಸಿ (ಸರ್ವರ್‌ಗಳಲ್ಲಿ ಬಳಸುವ, ತಪ್ಪು ತಿದ್ದಿಕೊಳ್ಳುವ ಬಗೆಯ) ರ‍್ಯಾಮ್ ಬಿಚ್ಚಿ ಮನೆಯ ಕಂಪ್ಯೂಟರಿಗೆ ಹಾಕಲೂ ಬರುವುದಿಲ್ಲ.

ಒಂದು ಮಾತು ಮರೆಯಬೇಡಿ: ವಿಂಡೋಸ್ 10ಕ್ಕೆ ಭದ್ರತಾ ಅಪ್‌ಡೇಟ್ ಸೇರಿದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ನಿಮ್ಮ ಐ3 ಇಲ್ಲ, ಆ ಜಿಯಾನ್ ಕೂಡ ಇಲ್ಲ. ಬ್ಯಾಂಕ್ ವ್ಯವಹಾರ ಇದೇ ಕಂಪ್ಯೂಟರಿನಲ್ಲಿ ನಡೆಯುವುದಾದರೆ ವರ್ಕ್‌ಸ್ಟೇಷನ್‌ಗೆ ಸುರಿಯುವ ಹಣ ಉಳಿಸಿ, ಮುಂದೆ ಹೊಸ ಐ3 ಕೊಳ್ಳಿ. ಈಗ ಹಾಕಿಸಿದ ಎಸ್‌ಎಸ್‌ಡಿ ಅದಕ್ಕೂ ಬರುತ್ತದೆ. ರ‍್ಯಾಮ್ ಮಾತ್ರ ಬಾರದು.

ಪ್ರಶ್ನೆ: ಎರಡು ಪ್ರೊಸೆಸರ್‌ನ ಯಂತ್ರ ಕೊಂಡಾಗಿದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ‘ಸಾಕೆಟ್ಸ್’ (ಪ್ರೊಸೆಸರ್ ಕೂರುವ ಜಾಗ) ಎದುರು 1 ಎಂದಿದೆ. ಇನ್ನೊಂದು ಕೆಟ್ಟಿದೆಯೆ?
ಓದುಗರು, ಶಿರಸಿ

ಉತ್ತರ: ಮೊದಲು ವಿಂಡೋಸ್ ಯಾವುದು ನೋಡಿ. ‘ಹೋಮ್’ ಆವೃತ್ತಿ ಒಂದೇ ಸಾಕೆಟ್ ಬಳಸುತ್ತದೆ. ‘ಪ್ರೊ’ ಕೀ ಹಾಕಿದರೆ ಸಾಕು, ಮರುಸ್ಥಾಪನೆ ಬೇಡ. ಪ್ರೊ ಇದ್ದೂ 1 ಎಂದೇ ಬಂದರೆ ಬಯಾಸ್‌ನಲ್ಲಿ ಎರಡನೆಯದು ಕಾಣುತ್ತದೆಯೇ ಪರೀಕ್ಷಿಸಿ. ಅಲ್ಲೂ ಕಾಣದಿದ್ದರೆ ಸಾಕೆಟ್‌ನ ಪಿನ್ ಬಾಗಿದೆಯೇ ಎಂದು ಟಾರ್ಚ್ ಹಿಡಿದು ನೋಡಬೇಕು. ಎರಡೂ ಎದ್ದ ಮೇಲೆ ರ‍್ಯಾಮನ್ನು ಎರಡೂ ಪ್ರೊಸೆಸರ್‌ಗಳ ಸ್ಲಾಟ್‌ಗೆ ಸಮನಾಗಿ ಹಂಚಿ ಹಾಕಿ. ಎಲ್ಲವನ್ನೂ ಒಂದರ ಪಕ್ಕದಲ್ಲೇ ತುಂಬಿದರೆ ಇನ್ನೊಂದು ಪ್ರತಿ ಸಲ ಅದರ ಮೂಲಕವೇ ಮಾಹಿತಿ ತರಿಸಿಕೊಳ್ಳಬೇಕಾಗುತ್ತದೆ.